ಆಕಾಶದಲ್ಲಿ ಇನ್ನೊಬ್ಬರಿದ್ದಾರೆಯೇ? ನಾಗಪುರದ ಸುತ್ತಮುತ್ತಲಿಂದ ಒಂದು ಸಮೀಕ್ಷೆ

2022ರ ಏಪ್ರಿಲ್ 2. ನಮಗೆ ಯುಗಾದಿ, ಮರಾಠಿಗರಿಗೆ ಗುಡಿ ಪಾಡ್ವಾ. ಅಂದು ರಾತ್ರಿ ಎಂಟರ ಸುಮಾರಿಗೆ ನಾಗಪುರವೂ ಸೇರಿ ವಿದರ್ಭದ ಉದ್ದಗಲಕ್ಕೆ, ಮಧ್ಯಪ್ರದೇಶದ ಕೆಲವು ಕಡೆಯೂ, ಉರಿಯುವ ಬೆಳಕಿನ ಸಾಲೊಂದು ಆಕಾಶದಲ್ಲಿ ನಿಧಾನವಾಗಿ ಹಾದುಹೋದದ್ದನ್ನು ಜನ ಕಂಡರು. ಮೊಬೈಲುಗಳು ಮೇಲೆದ್ದವು, ವಿಡಿಯೊಗಳು ಊರೂರು ತಿರುಗಿದವು. ಉಲ್ಕೆ ಎಂದರು ಕೆಲವರು, ಹಾರುವ ತಟ್ಟೆ ಎಂದರು ಇನ್ನು ಕೆಲವರು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನ ಲಾಡಬೋರಿ ಎಂಬ ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ವ್ಯಾಸದ ಲೋಹದ ಬಳೆಯೊಂದು ಬಿದ್ದಿತ್ತು. ಮುಂದಿನ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಲೋಹದ ಗೋಳಗಳೂ ಸಿಕ್ಕವು. ಇಸ್ರೋದ ವಿಜ್ಞಾನಿಗಳು ಬಂದು ನೋಡಿದರು. 2021ರ ಫೆಬ್ರುವರಿಯಲ್ಲಿ ಚೀನಾ ಹಾರಿಸಿದ್ದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೆಯ ಹಂತ ಮರಳಿ ವಾತಾವರಣ ಹೊಕ್ಕು ಉರಿದದ್ದು ಇದು ಎಂದು ಅಮೆರಿಕದ ಖಗೋಳ ವಿಜ್ಞಾನಿ ಜೊನಾಥನ್ ಮ್ಯಾಕ್‌ಡವೆಲ್ ಗುರುತಿಸಿದರು.

ಭೂಮಿಯಾಚೆಯ ಬುದ್ಧಿಶಾಲಿ ಜೀವಿಗಳ ಹುಡುಕಾಟದ ಅರವತ್ತೈದು ವರ್ಷಗಳ ಚರಿತ್ರೆಯಲ್ಲಿ ಈ ಪ್ರಸಂಗ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರದು ಎಂದುಕೊಂಡದ್ದು ಕೊನೆಗೆ ನಮ್ಮದೇ ಆಗಿರುತ್ತದೆ. ಆದರೂ ಪ್ರಶ್ನೆ ಮುಗಿದಿಲ್ಲ. ಅದನ್ನು ಪೂರ್ತಿಯಾಗಿ ಬಿಡಿಸಿ ನೋಡಲು ನಾಗಪುರ ಅಷ್ಟೇನೂ ಕೆಟ್ಟ ಜಾಗವಲ್ಲ. ಈ ಊರಲ್ಲಿ ದೊಡ್ಡ ದೂರದರ್ಶಕವಿಲ್ಲ, ನಿಜ. ಗಾಂಧಿಸಾಗರದ ದಂಡೆಯ ರಾಮನ್ ವಿಜ್ಞಾನ ಕೇಂದ್ರದಲ್ಲಿ ತಾರಾಲಯ ಉಂಟು. 1910ರ ಹೊತ್ತಿಗೆ ಸಿ.ವಿ. ರಾಮನ್ ಇಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು. ಮುಂದೆ ಬೆಂಗಳೂರಿನಲ್ಲಿ ಅವರು ಕಟ್ಟಿದ ಸಂಸ್ಥೆಯೇ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದ ಪಾಲುದಾರವಾಯಿತು. ಆದರೆ ನಾಗಪುರದ ನಿಜವಾದ ಪುರಾವೆಗಳಿರುವುದು ನೆಲದಲ್ಲಿ: ಸೀತಾಬರ್ಡಿಯ ಬಂಡೆಯಲ್ಲಿ, ಲೋನಾರ್ ಸರೋವರದ ನೀರಿನಲ್ಲಿ, ಜುನಾಪಾನಿಯ ಕಲ್ಲುಗಳ ಮೇಲೆ.

ಕಾಲುವೆಗಳಿಂದ ಜಲಜನಕದವರೆಗೆ

ಬೇರೆ ಲೋಕಗಳಲ್ಲಿ ಜೀವಿಗಳಿವೆ ಎಂಬ ನಂಬಿಕೆ ಹಳೆಯದು. ನಮ್ಮ ಪುರಾಣಗಳು ಹದಿನಾಲ್ಕು ಲೋಕಗಳನ್ನು ಲೆಕ್ಕ ಹಾಕಿ ಇಟ್ಟಿವೆ. ದೂರದರ್ಶಕ ಬಂದ ಮೇಲೆ ಆ ನಂಬಿಕೆಗೆ ಹೊಸ ಬಲ ಸಿಕ್ಕಿತು. 1894ರಿಂದ ಅರಿಝೋನಾದ ಬೆಟ್ಟದ ಮೇಲೆ ಕುಳಿತು ಮಂಗಳನನ್ನು ನೋಡಿದ ಪರ್ಸಿವಲ್ ಲೊವೆಲ್‌ಗೆ ಅಲ್ಲಿ ನೀರಾವರಿ ಕಾಲುವೆಗಳು ಕಂಡವು. ಆ ಗೆರೆಗಳು ಇದ್ದದ್ದು ನೋಡುವ ಕಣ್ಣಿನಲ್ಲಿ.

ಊಹೆ ಪ್ರಯೋಗವಾದದ್ದು 1959ರಲ್ಲಿ. ಜಿಯುಸೆಪ್ಪೆ ಕೊಕ್ಕೋನಿ, ಫಿಲಿಪ್ ಮಾರಿಸನ್ ಇಬ್ಬರೂ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ನಕ್ಷತ್ರಗಳ ನಡುವಿನ ದೂರವನ್ನು ದಾಟಲು ರೇಡಿಯೊ ಅಲೆ ಸಾಕು. ವಿಶ್ವದಲ್ಲಿ ಎಲ್ಲಕ್ಕಿಂತ ಹೇರಳವಾದ ಧಾತು ಜಲಜನಕ. ಅದು ತಾನಾಗಿ ಹೊಮ್ಮಿಸುವ 1420 ಮೆಗಾಹರ್ಟ್ಸ್ ಆವರ್ತಾಂಕ ಯಾವ ಲೋಕದ ವಿಜ್ಞಾನಿಗೂ ಗೊತ್ತಿರಲೇಬೇಕು. ಹಾಗಾಗಿ ಅಲ್ಲಿ ಕಿವಿಯಿಡಿ ಎಂಬುದು ಅವರ ವಾದ. ಮರುವರ್ಷ ಏಪ್ರಿಲ್‌ನಲ್ಲಿ ಫ್ರಾಂಕ್ ಡ್ರೇಕ್ ಪಶ್ಚಿಮ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನ 26 ಮೀಟರ್ ತಟ್ಟೆಯನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿದರು. ಒಮ್ಮೆ ಜೋರಾದ ಸಂಕೇತ ಬಂತು. ಎತ್ತರದಲ್ಲಿ ಹಾರುತ್ತಿದ್ದ ವಿಮಾನದ್ದು ಅದೆಂದು ಆಮೇಲೆ ತೀರ್ಮಾನವಾಯಿತು. ಅಂದರೆ ಲಾಡಬೋರಿಯ ಕಥೆ ಮೊದಲ ಪ್ರಯೋಗದಲ್ಲೇ ಶುರುವಾಗಿತ್ತು.

ಆಮೇಲಿನ ದಾರಿ ಏರಿಳಿತದ್ದು. ನಾಸಾ 1992ರ ಅಕ್ಟೋಬರ್ 12ರಂದು, ಕೊಲಂಬಸ್ ಅಮೆರಿಕ ಮುಟ್ಟಿದ ಐನೂರನೇ ವರ್ಷದ ದಿನ, ದೊಡ್ಡ ಹುಡುಕಾಟವೊಂದನ್ನು ಆರಂಭಿಸಿತು. ಒಂದೇ ವರ್ಷದಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು. ಅಲ್ಲಿಂದ ಈಚೆಗೆ ಈ ಕೆಲಸ ಹೆಚ್ಚಾಗಿ ಖಾಸಗಿ ದಾನದಿಂದ ನಡೆದಿದೆ. 2015ರಲ್ಲಿ ಯೂರಿ ಮಿಲ್ನರ್ ಹತ್ತು ಕೋಟಿ ಡಾಲರ್ ಇಟ್ಟು ಆರಂಭಿಸಿದ ‘ಬ್ರೇಕ್‌ಥ್ರೂ ಲಿಸನ್’ ಅದರಲ್ಲಿ ದೊಡ್ಡದು.

ಏಳು ಅಂಶಗಳ ಗುಣಾಕಾರ

1961ರಲ್ಲಿ ಗ್ರೀನ್ ಬ್ಯಾಂಕ್‌ನಲ್ಲಿ ಸೇರಿದ ಒಂದು ಸಣ್ಣ ಸಭೆಗೆ ಕಾರ್ಯಸೂಚಿ ಬೇಕಿತ್ತು. ಅದಕ್ಕಾಗಿ ಡ್ರೇಕ್ ಏಳು ಅಂಶಗಳನ್ನು ಒಂದರ ಪಕ್ಕ ಒಂದು ಬರೆದರು. ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಗ್ರಹಗಳಿವೆ, ಆ ಗ್ರಹಗಳಲ್ಲಿ ಎಷ್ಟು ವಾಸಯೋಗ್ಯ, ಎಷ್ಟರಲ್ಲಿ ಜೀವ ಮೊಳೆಯುತ್ತದೆ, ಎಷ್ಟರಲ್ಲಿ ಅದು ಬುದ್ಧಿಗೆ ಏರುತ್ತದೆ, ಎಷ್ಟು ಬುದ್ಧಿವಂತರು ಸಂಕೇತ ಕಳಿಸುವ ತಂತ್ರ ಕಲಿಯುತ್ತಾರೆ, ಕಲಿತವರು ಎಷ್ಟು ಕಾಲ ಬಾಳುತ್ತಾರೆ. ಎಲ್ಲವನ್ನೂ ಗುಣಿಸಿದರೆ ನಮ್ಮ ಆಕಾಶಗಂಗೆಯಲ್ಲಿ ಈಗ ಮಾತಾಡಬಲ್ಲ ನಾಗರಿಕತೆಗಳ ಸಂಖ್ಯೆ ಬರಬೇಕು.

ಇದನ್ನು ಸಮೀಕರಣವೆಂದು ಗೌರವಿಸುವವರು ಅನೇಕರು. ನನಗೆ ಇದು ಅಜ್ಞಾನವನ್ನು ಅಚ್ಚುಕಟ್ಟಾಗಿ ವಿಂಗಡಿಸಿದ ಪಟ್ಟಿಯಾಗಿಯೇ ಕಾಣುತ್ತದೆ, ಮತ್ತು ಅದು ಸಣ್ಣ ಕೆಲಸವೇನಲ್ಲ. ಆರು ದಶಕಗಳಲ್ಲಿ ಪಟ್ಟಿಯ ಎಡಭಾಗ ತುಂಬಿದೆ. 1995ರಲ್ಲಿ ಖಗೋಳ ವಿಜ್ಞಾನಿಗಳಾದ ಮೇಯರ್ ಮತ್ತು ಕ್ವೆಲೋಝ್ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲ ಗ್ರಹವನ್ನು ಕಂಡರು. 2025ರ ಸೆಪ್ಟೆಂಬರಿನಲ್ಲಿ ನಾಸಾದ ಖಾತೆಯಲ್ಲಿ ಖಚಿತವಾದ ಹೊರಗ್ರಹಗಳ ಸಂಖ್ಯೆ 6,000 ದಾಟಿತು. ಗ್ರಹಗಳು ಅಪರೂಪವಲ್ಲ ಎಂಬುದು ಈಗ ತೀರ್ಮಾನವಾದ ಮಾತು. ಬಲಭಾಗದ ನಾಲ್ಕು ಅಂಶಗಳು ಮಾತ್ರ 1961ರಲ್ಲಿ ಇದ್ದಲ್ಲೇ ಇವೆ. ಜಗಳವೆಲ್ಲ ಅಲ್ಲಿ.

ಜೀವ ಸುಲಭವೇ? ಲೋನಾರ್ ಹೇಳುವುದೆಷ್ಟು

ನಾಗಪುರದಿಂದ ಪಶ್ಚಿಮಕ್ಕೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಹೋದರೆ ಬುಲಢಾಣಾ ಜಿಲ್ಲೆಯ ಲೋನಾರ್. ಆಕಾಶದಿಂದ ಬಂದಪ್ಪಳಿಸಿದ ಬಂಡೆಯೊಂದು ಬಸಾಲ್ಟ್ ಶಿಲೆಯಲ್ಲಿ ತೋಡಿದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ, ಅದರ ತಳದಲ್ಲಿ ಉಪ್ಪು ಹಾಗೂ ಕ್ಷಾರ ತುಂಬಿದ ಸರೋವರ. ಮಂಗಳನ ನೆಲವೂ ಬಹುಪಾಲು ಬಸಾಲ್ಟ್. ಅಲ್ಲಿಯೂ ಕುಳಿಗಳು, ಒಂದು ಕಾಲಕ್ಕೆ ಅವುಗಳಲ್ಲಿ ನೀರು. ಹೀಗಾಗಿ ಮಂಗಳವನ್ನು ಓದಲು ಬಯಸುವ ವಿಜ್ಞಾನಿಗಳು ಲೋನಾರಿಗೆ ಬರುತ್ತಾರೆ. ಕುಳಿಯ ವಯಸ್ಸಿನ ಬಗ್ಗೆಯೇ ಒಮ್ಮತವಿಲ್ಲ: ಒಂದು ವಿಧಾನ ಸುಮಾರು ಐವತ್ತು ಸಾವಿರ ವರ್ಷ ಎಂದಿತು, ಆರ್ಗಾನ್ ವಿಧಾನ ಐದೂವರೆ ಲಕ್ಷಕ್ಕೂ ಹೆಚ್ಚು ಎಂದಿತು.

2020ರ ಜೂನ್‌ನಲ್ಲಿ ಈ ಸರೋವರ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ವಿಚಾರಿಸಿತು. ನೀರಿನ ಮಾದರಿ ನಾಗಪುರದ ‘ನೀರಿ’ ಎಂಬ ಪರಿಸರ ಸಂಶೋಧನಾ ಸಂಸ್ಥೆಗೂ ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಗೂ ಹೋಯಿತು. ಬಣ್ಣ ತಂದದ್ದು ಹ್ಯಾಲೋಆರ್ಕಿಯಾ ಎಂಬ ಉಪ್ಪುಪ್ರಿಯ ಸೂಕ್ಷ್ಮಜೀವಿಗಳು ಎಂದು ಪುಣೆಯವರು ಹೇಳಿದರು. ಬೇಸಗೆಯಲ್ಲಿ ನೀರು ಇಳಿದು ಉಪ್ಪು ಏರಿದಾಗ ಅವು ಹೆಚ್ಚಿದ್ದವು. ಬೇರೆ ಜೀವಿಗಳು ಸಾಯುವ ಉಪ್ಪಿನಲ್ಲಿ ಅವಕ್ಕೆ ಹಬ್ಬ.

ಇಂಥ ಉದಾಹರಣೆಗಳನ್ನು ತೋರಿಸಿ ಒಂದು ಪಂಥ ಹೇಳುತ್ತದೆ: ಜೀವ ಬಹಳ ಗಟ್ಟಿ, ಎಲ್ಲಿ ಬಿಟ್ಟರೂ ಬದುಕುತ್ತದೆ, ಆದ್ದರಿಂದ ವಿಶ್ವದಲ್ಲಿ ಎಲ್ಲೆಲ್ಲೂ ಇರಬೇಕು. ಈ ‘ಆದ್ದರಿಂದ’ದಲ್ಲಿ ಒಂದು ಹಾರಿಕೆ ಇದೆ. ಈಗಾಗಲೇ ಹುಟ್ಟಿದ ಜೀವ ಕಷ್ಟದ ಜಾಗಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಲೋನಾರ್ ಸಾಬೀತು ಮಾಡುತ್ತದೆ. ಕಷ್ಟದ ಜಾಗದಲ್ಲಿ ಹೊಸದಾಗಿ ಹುಟ್ಟುತ್ತದೆಯೇ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಭೂಮಿ ತಣಿದ ಮೇಲೆ ಬೇಗನೆ ಜೀವ ಕಾಣಿಸಿಕೊಂಡಿತು, ಕನಿಷ್ಠ 350 ಕೋಟಿ ವರ್ಷಗಳ ಹಿಂದೆಯೇ ಇತ್ತು ಎಂಬುದು ಆಶಾವಾದಿಗಳ ಬಲವಾದ ವಾದ. ಆದರೆ ಅದೂ ಒಂದೇ ಒಂದು ಮಾದರಿ.

ಹುಟ್ಟಿನ ಕಷ್ಟವನ್ನು ಇನ್ನೊಂದು ದಿಕ್ಕಿನಿಂದ ದಾಟುವವರು ಪಾನ್‌ಸ್ಪರ್ಮಿಯಾ ಪಂಥದವರು: ಜೀವ ಎಲ್ಲೋ ಒಮ್ಮೆ ಹುಟ್ಟಿ ಧೂಮಕೇತು, ಉಲ್ಕೆಗಳ ಮೇಲೇರಿ ಹರಡಿತು ಎನ್ನುವವರು. ಫ್ರೆಡ್ ಹಾಯ್ಲ್, ಚಂದ್ರ ವಿಕ್ರಮಸಿಂಘೆ ಇದರ ದೊಡ್ಡ ವಕ್ತಾರರು. ಹಾಯ್ಲ್ ಅವರ ಶಿಷ್ಯ, ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್ ಅದನ್ನು ಮಾತಿನಲ್ಲಿ ಬಿಡದೆ ಪ್ರಯೋಗಕ್ಕೆ ತಂದರು. ಹೈದರಾಬಾದಿನ ಬಲೂನು ಕೇಂದ್ರದಿಂದ 2001ರಲ್ಲಿ, ಮತ್ತೆ 2005ರ ಏಪ್ರಿಲ್‌ನಲ್ಲಿ, ಹೆಚ್ಚು ಕಡಿಮೆ 41 ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು ಶುದ್ಧೀಕರಿಸಿದ ಪಾತ್ರೆಗಳಲ್ಲಿ ತುಂಬಿ ತಂದರು. ಎರಡನೆಯ ಹಾರಾಟದಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. ಒಂದಕ್ಕೆ ಹಾಯ್ಲ್, ಒಂದಕ್ಕೆ ಇಸ್ರೋ, ಒಂದಕ್ಕೆ ಆರ್ಯಭಟ ಎಂದು ಹೆಸರಿಟ್ಟು 2009ರಲ್ಲಿ ಪ್ರಕಟಿಸಿದರು. ಇವು ಭೂಮಿಯಾಚೆಯವು ಎಂದು ಇದರಿಂದ ಖಚಿತವಾಗುವುದಿಲ್ಲ ಎಂದು ಇಸ್ರೋ ಆಗಲೇ ಎಚ್ಚರಿಕೆಯಿಂದ ಹೇಳಿತ್ತು. ಆರ್ಯಭಟನ ಹೆಸರಿನ ಬ್ಯಾಕ್ಟೀರಿಯಾ ಆಮೇಲೆ ಸಾಮಾನ್ಯ ಹೊಲದ ಮಣ್ಣಿನಲ್ಲೂ ಸಿಕ್ಕಿತು. ಪ್ರಶ್ನೆ ಇಷ್ಟಕ್ಕೇ ನಿಂತಿತು, ಆದರೆ ನಾರ್ಳೀಕರರ ವಿಧಾನ ನನಗೆ ಇಷ್ಟ. ಊಹೆಯನ್ನು ನಂಬಿದ್ದವರೇ ಅದನ್ನು ಸೋಲಿಸಬಲ್ಲ ಪರೀಕ್ಷೆಯನ್ನು ಏರ್ಪಡಿಸಿದರು.

ದೂರದ ಗ್ರಹಗಳ ಗಾಳಿಯಲ್ಲೂ ಈಗ ಜೀವದ ವಾಸನೆ ಹುಡುಕುತ್ತಿದ್ದಾರೆ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಇರುವ ಸುಳಿವಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ 2025ರ ಏಪ್ರಿಲ್‌ನಲ್ಲಿ ಹೇಳಿತು. ಭೂಮಿಯಲ್ಲಿ ಆ ಅನಿಲವನ್ನು ಮುಖ್ಯವಾಗಿ ಸಾಗರದ ಸೂಕ್ಷ್ಮಸಸ್ಯಗಳು ಹೊರಬಿಡುತ್ತವೆ. ಬೇರೆ ತಂಡಗಳು ಅದೇ ದತ್ತಾಂಶದಲ್ಲಿ ಅಷ್ಟು ಸ್ಪಷ್ಟ ಸಂಕೇತವಿಲ್ಲ ಎಂದವು. ಮೇಲಾಗಿ ಅದೇ ಅನಿಲ ಜೀವದ ಸುಳಿವೇ ಇಲ್ಲದ 67ಪಿ ಧೂಮಕೇತುವಿನಲ್ಲೂ ಪತ್ತೆಯಾಗಿತ್ತು.

ಸೀತಾಬರ್ಡಿಯ ಬಂಡೆ: ಜೀವದಿಂದ ಬುದ್ಧಿಗೆ ಎಷ್ಟು ದೂರ

ನಾಗಪುರ ಊರ ನಡುವೆಯೇ ಸೀತಾಬರ್ಡಿ ಗುಡ್ಡ. 1817ರ ಮರಾಠ–ಬ್ರಿಟಿಷ್ ಕಾಳಗದಿಂದ ಅದರ ಹೆಸರು ಗೊತ್ತು. ಭೂವಿಜ್ಞಾನಿಗಳಿಗೆ ಅದು ಬೇರೆ ಕಾರಣಕ್ಕೆ ಮುಖ್ಯ. ದಖನ್ನಿನ ಲಾವಾ ಹಾಸುಗಳು ಪೂರ್ವದಲ್ಲಿ ಮುಗಿಯುವುದು ನಾಗಪುರದ ಆಸುಪಾಸಿನಲ್ಲಿ. ಅದರಾಚೆ ಬಹಳ ಹಳೆಯ ನೈಸ್ ಶಿಲೆ. ಬೆಳಗಾವಿ, ವಿಜಯಪುರ, ಬೀದರಿನ ಎರೆಮಣ್ಣಿಗೆ ತಾಯಿಯಾದ ಕಪ್ಪು ಬಸಾಲ್ಟೇ ಇಲ್ಲಿಯದೂ. ಇದನ್ನೆಲ್ಲ ಮೊದಲು ವ್ಯವಸ್ಥಿತವಾಗಿ ಬರೆದವರು 1840ರ ದಶಕದಲ್ಲಿ ನಾಗಪುರಕ್ಕೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್. ಟಾಕಳಿಯ ಬಳಿ ಎರಡು ಲಾವಾ ಹಾಸುಗಳ ನಡುವೆ ಸಿಕ್ಕಿಕೊಂಡ ಕೆಸರಿನಲ್ಲಿ ಅವರು ಸಸ್ಯ, ಚಿಪ್ಪುಗಳ ಪಳೆಯುಳಿಕೆ ಹೆಕ್ಕಿದರು. ಅಂದರೆ ಒಂದು ಲಾವಾ ಹರಿವಿನಿಂದ ಇನ್ನೊಂದರ ನಡುವಿನ ಬಿಡುವಿನಲ್ಲಿ ಇಲ್ಲಿ ಕೆರೆಗಳಿದ್ದವು, ಜೀವವಿತ್ತು.

ಆ ಲಾವಾ ಹರಿದ ಕಾಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರುಗಳು ಅಳಿದ ಹೊತ್ತು. ಮೆಕ್ಸಿಕೋದ ಚಿಕ್ಷುಲುಬ್‌ಗೆ ಬಂದು ಬಿದ್ದ ಕ್ಷುದ್ರಗ್ರಹವೇ ಮುಖ್ಯ ಕಾರಣ ಎಂಬುದು ಇಂದು ಹೆಚ್ಚಿನವರ ಮತ. ದಖನ್ನಿನ ಜ್ವಾಲಾಮುಖಿಯೇ ಮುಖ್ಯ ಎಂದು ಪ್ರಿನ್ಸ್‌ಟನ್ನಿನ ಗೆರ್ಟಾ ಕೆಲ್ಲರ್ ದಶಕಗಳ ಕಾಲ ವಾದಿಸಿದ್ದಾರೆ. ಯಾವುದೇ ಆಗಲಿ, ನಮ್ಮ ವಿಷಯಕ್ಕೆ ಬೇಕಾದ ಪ್ರಶ್ನೆ ಇದು: ಆ ಅಳಿವು ನಡೆಯದೇ ಹೋಗಿದ್ದರೆ ಭೂಮಿಯಲ್ಲಿ ರೇಡಿಯೊ ಕಟ್ಟುವ ಪ್ರಾಣಿ ಹುಟ್ಟುತ್ತಿತ್ತೇ?

ಹುಟ್ಟುತ್ತಿರಲಿಲ್ಲ ಎನ್ನುವವರು ಬಹುಪಾಲು ಜೀವವಿಜ್ಞಾನಿಗಳು. ಜಾರ್ಜ್ ಗೇಲಾರ್ಡ್ ಸಿಂಪ್ಸನ್ 1964ರಲ್ಲೇ ಇದನ್ನು ಹೇಳಿದರು. ವಿಕಾಸದ ಪಟವನ್ನು ಹಿಂದೆ ತಿರುಗಿಸಿ ಮತ್ತೆ ಓಡಿಸಿದರೆ ಮನುಷ್ಯ ಮತ್ತೆ ಬರುವುದಿಲ್ಲ ಎಂದು ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ಬರೆದರು. ಎರ್ನ್‌ಸ್ಟ್ ಮೇಯರ್ ಹಾಗೂ ಕಾರ್ಲ್ ಸೇಗನ್ ನಡುವೆ 1990ರ ದಶಕದಲ್ಲಿ ನಡೆದ ವಾದದಲ್ಲಿ ಮೇಯರ್ ಇಟ್ಟ ಲೆಕ್ಕ ಸರಳ: ಭೂಮಿಯಲ್ಲಿ ಬಂದು ಹೋದ ಕೋಟ್ಯಂತರ ಪ್ರಭೇದಗಳಲ್ಲಿ ಒಂದೇ ಒಂದು ಯಂತ್ರ ಕಟ್ಟಿತು. ಬುದ್ಧಿ ಅಷ್ಟು ಲಾಭದ ಗುಣವಾಗಿದ್ದರೆ ಮತ್ತೆ ಮತ್ತೆ ಏಕೆ ಬರಲಿಲ್ಲ? ಕಣ್ಣು ಹಲವು ಬಾರಿ ಸ್ವತಂತ್ರವಾಗಿ ವಿಕಾಸವಾಗಿದೆ, ರೆಕ್ಕೆಯೂ ಅಷ್ಟೆ.

ಸೈಮನ್ ಕಾನ್‌ವೇ ಮಾರಿಸ್ ಇದೇ ಕಣ್ಣು-ರೆಕ್ಕೆಗಳನ್ನು ಹಿಡಿದು ಎದುರು ವಾದ ಮಾಡುತ್ತಾರೆ. ಒಂದೇ ಸಮಸ್ಯೆಗೆ ವಿಕಾಸ ಮತ್ತೆ ಮತ್ತೆ ಅದೇ ಉತ್ತರ ಕೊಡುತ್ತದೆ. ಕಾಗೆ, ಆಕ್ಟೋಪಸ್, ಡಾಲ್ಫಿನ್, ಚಿಂಪಾಂಜಿಗಳಲ್ಲಿ ಬುದ್ಧಿ ಬೇರೆ ಬೇರೆ ದಾರಿಯಲ್ಲಿ ಬಂದಿದೆ. ಸಾಕಷ್ಟು ಕಾಲ ಸಿಕ್ಕರೆ ನಮ್ಮಂಥದ್ದು ಬಂದೇ ಬರುತ್ತದೆ. ಕೆನಡಾದ ಡೇಲ್ ರಸೆಲ್ 1982ರಲ್ಲಿ ಡೈನೊಸಾರ್ ವಂಶದಿಂದ ಮನುಷ್ಯನಂಥ ಜೀವಿ ವಿಕಾಸವಾಗಿದ್ದರೆ ಹೇಗಿರುತ್ತಿತ್ತೆಂದು ಒಂದು ಬೊಂಬೆಯನ್ನೇ ಮಾಡಿಸಿದರು. ಅದು ತುಸು ಹೆಚ್ಚೇ ನಮ್ಮಂತಿತ್ತು. ವಾದದ ದೌರ್ಬಲ್ಯ ಅಲ್ಲೇ ಕಂಡುಬಿಟ್ಟಿತು.

ಮೂರನೆಯ ದನಿ ಭೌತವಿಜ್ಞಾನಿ ಬ್ರ್ಯಾಂಡನ್ ಕಾರ್ಟರ್‌ರದು. 1983ರಲ್ಲಿ ಅವರು ಹೇಳಿದ್ದು: ಸೂರ್ಯನ ಆಯುಷ್ಯದ ಅರ್ಧದಷ್ಟು ಕಳೆದ ಮೇಲೆ ನಾವು ಬಂದಿದ್ದೇವೆ, ದಾರಿಯಲ್ಲಿ ಬಹಳ ಅಸಂಭವವಾದ ಕೆಲವು ಹೆಜ್ಜೆಗಳಿರಬೇಕು ಎಂಬುದಕ್ಕೆ ಇದೇ ಸೂಚನೆ. ಈ ‘ಕಠಿಣ ಹೆಜ್ಜೆ’ಗಳ ಲೆಕ್ಕ ತಪ್ಪು, ವಾತಾವರಣದಲ್ಲಿ ಆಮ್ಲಜನಕ ಏರುವವರೆಗೆ ಬಾಗಿಲೇ ತೆರೆದಿರಲಿಲ್ಲ, ತೆರೆದ ಮೇಲೆ ತಡವಾಗಲಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಡ್ಯಾನಿಯಲ್ ಮಿಲ್ಸ್ ಮತ್ತು ಸಂಗಡಿಗರು ತಿರುಗಿ ವಾದಿಸಿದ್ದಾರೆ. ನಾಲ್ಕು ದಶಕ ಹೆಚ್ಚು ಕಡಿಮೆ ಅಲುಗಾಡದೆ ನಿಂತಿದ್ದ ವಾದವೊಂದನ್ನು ಭೂವಿಜ್ಞಾನದ ಕಡೆಯಿಂದ ಅಲುಗಾಡಿಸಿದ್ದಾರೆ. ಈ ಚರ್ಚೆಯಲ್ಲಿ ಇತ್ತೀಚೆಗೆ ಬಂದ ಅತ್ಯಂತ ಕುತೂಹಲದ ಮಾತು ನನಗೆ ಇದೇ.

ಹಾಗಾದರೆ ಎಲ್ಲಿದ್ದಾರೆ?

1950ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಊಟದ ಹೊತ್ತಿಗೆ ಎನ್ರಿಕೋ ಫರ್ಮಿ ಕೇಳಿದ ಈ ಪ್ರಶ್ನೆ ಪ್ರಸಿದ್ಧ. ಅದನ್ನು ವಾದವಾಗಿ ಕಟ್ಟಿದವರು 1975ರಲ್ಲಿ ಮೈಕಲ್ ಹಾರ್ಟ್: ಒಂದೇ ಒಂದು ನಾಗರಿಕತೆ ನಕ್ಷತ್ರದಿಂದ ನಕ್ಷತ್ರಕ್ಕೆ ಹರಡಲು ಹೊರಟಿದ್ದರೂ ಕೆಲವು ದಶಲಕ್ಷ ವರ್ಷಗಳಲ್ಲಿ ಆಕಾಶಗಂಗೆಯನ್ನೆಲ್ಲ ತುಂಬುತ್ತಿತ್ತು, ಇಲ್ಲಿ ಯಾರೂ ಇಲ್ಲ, ಆದ್ದರಿಂದ ಅಲ್ಲೂ ಯಾರೂ ಇಲ್ಲ.

ಉತ್ತರಗಳು ಹೆಚ್ಚು ಕಡಿಮೆ ಮೂರು ಬಗೆ. ಭೂಮಿಯಂಥ ಗ್ರಹವೇ ಅಪರೂಪ ಎಂದು 2000ದಲ್ಲಿ ಪೀಟರ್ ವಾರ್ಡ್, ಡೊನಾಲ್ಡ್ ಬ್ರೌನ್‌ಲೀ ಒಂದು ಪುಸ್ತಕವನ್ನೇ ಬರೆದರು: ದೊಡ್ಡ ಚಂದ್ರ ಬೇಕು, ಚಲಿಸುವ ಭೂಫಲಕಗಳು ಬೇಕು, ಗುರುವಿನಂಥ ಗ್ರಹ ಬೇಕು. ಇದ್ದಾರೆ, ಆದರೆ ಅಡಗಿದ್ದಾರೆ ಎಂಬುದು ಎರಡನೆಯದು. ನಮ್ಮನ್ನು ಮೃಗಾಲಯದಲ್ಲಿಟ್ಟಂತೆ ದೂರದಿಂದ ನೋಡುತ್ತಿದ್ದಾರೆ ಎಂದು ಜಾನ್ ಬಾಲ್ 1973ರಲ್ಲಿ ಸೂಚಿಸಿದರು. ಎಲ್ಲರೂ ಭಯದಿಂದ ಬಾಯಿ ಮುಚ್ಚಿದ್ದಾರೆ ಎಂಬುದು ಚೀನೀ ಕಾದಂಬರಿಕಾರ ಲಿಯು ಸಿಕ್ಸಿನ್‌ರಿಂದ ಜನಪ್ರಿಯವಾದ ವಾದ. ಕಥೆಗೆ ಇವು ಸೊಗಸು, ವಿಜ್ಞಾನಕ್ಕೆ ಸಾಲವು. ಅಡಗುವ ನಿಯಮವನ್ನು ಪ್ರತಿಯೊಬ್ಬರೂ, ಪ್ರತಿ ಕಾಲದಲ್ಲೂ, ತಪ್ಪದೆ ಪಾಲಿಸಿದರೆ ಮಾತ್ರ ಅವು ನಿಲ್ಲುತ್ತವೆ. ಬುದ್ಧಿಶಾಲಿಗಳ ಮೇಲೆ ಅಷ್ಟು ಶಿಸ್ತಿನ ಭರವಸೆ ನನಗಿಲ್ಲ.

ಮೂರನೆಯ ಉತ್ತರ ಎಲ್ಲಕ್ಕಿಂತ ಸರಳ: ನಾವಿನ್ನೂ ನೋಡಿಯೇ ಇಲ್ಲ. ಈವರೆಗೆ ಹುಡುಕಿದ್ದು ಸಾಗರದಿಂದ ಒಂದು ಲೋಟ ನೀರು ಮೊಗೆದು ಮೀನಿದೆಯೇ ಎಂದು ನೋಡಿದಷ್ಟು ಎಂದು ಜಿಲ್ ಟಾರ್ಟರ್ ಹೇಳುತ್ತಿದ್ದರು. 2018ರಲ್ಲಿ ಜೇಸನ್ ರೈಟ್, ಶುಭಂ ಕನೋಡಿಯಾ, ಎಮಿಲಿ ಲೂಬರ್ ಲೆಕ್ಕ ಹಾಕಿ ಲೋಟಕ್ಕಿಂತ ದೊಡ್ಡ ತೊಟ್ಟಿಯಷ್ಟಾದರೂ ಆಗಿದೆ ಎಂದು ತಿದ್ದಿದರು. ಅದೇ ವರ್ಷ ಆಕ್ಸ್‌ಫರ್ಡಿನ ಆ್ಯಂಡರ್ಸ್ ಸ್ಯಾಂಡ್‌ಬರ್ಗ್ ಮತ್ತು ಇಬ್ಬರು ಸಂಗಡಿಗರು ಡ್ರೇಕ್ ಪಟ್ಟಿಗೆ ಒಂಟಿ ಸಂಖ್ಯೆಗಳ ಬದಲು ನಮ್ಮ ಅಜ್ಞಾನದ ಪೂರ್ತಿ ವ್ಯಾಪ್ತಿಯನ್ನು ತುಂಬಿದರು. ಆಕಾಶಗಂಗೆಯಲ್ಲಿ ನಾವು ಒಬ್ಬಂಟಿ ಆಗಿರುವ ಸಂಭವ ಶೇ. 53ರಿಂದ 99.6ರವರೆಗೆ ಎಂದು ಬಂತು. ಹಾಗಿದ್ದರೆ ಮೌನದಲ್ಲಿ ವಿರೋಧಾಭಾಸವೇ ಇಲ್ಲ ಎಂಬುದು ಅವರ ತೀರ್ಪು. ಈ ಎರಡು ಮಾತೂ ಒಟ್ಟಿಗೆ ನಿಜವಾಗಿರಬಹುದು ಎಂಬುದನ್ನು ಚರ್ಚಿಸುವವರು ಮರೆಯುತ್ತಾರೆ: ನೋಡಿದ್ದು ಕಡಿಮೆ, ಕಾಣಲು ಇರುವುದೂ ಕಡಿಮೆ.

ಗದ್ದಲದ ನಡುವೆ

1967ರಲ್ಲಿ ಜೋಸ್ಲಿನ್ ಬೆಲ್‌ಗೆ ಸಿಕ್ಕ ಕರಾರುವಾಕ್ಕಾದ ಮಿಡಿತಕ್ಕೆ ಮೊದಲು ‘ಪುಟ್ಟ ಹಸಿರು ಮನುಷ್ಯರು’ ಎಂದು ತಮಾಷೆಯ ಹೆಸರಿಟ್ಟಿದ್ದರು. ಅದು ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರ. 1977ರ ಆಗಸ್ಟ್ 15ರಂದು ಓಹಾಯೋದ ‘ಬಿಗ್ ಇಯರ್’ ದೂರದರ್ಶಕಕ್ಕೆ 72 ಸೆಕೆಂಡ್ ಕಾಲ ಬಂದ ಬಲವಾದ ಸಂಕೇತದ ಪಕ್ಕ ಜೆರಿ ಎಹ್‌ಮನ್ ‘ವಾವ್!’ ಎಂದು ಬರೆದರು. ಅದು ಮತ್ತೆ ಬರಲಿಲ್ಲ, ಒಪ್ಪಿತವಾದ ವಿವರಣೆಯೂ ಸಿಕ್ಕಿಲ್ಲ. ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ವರ್ಷಗಟ್ಟಲೆ ವಿಜ್ಞಾನಿಗಳನ್ನು ಕಾಡಿದ ‘ಪೆರಿಟಾನ್’ ಸಂಕೇತಗಳು, ಅಲ್ಲಿನ ಮೈಕ್ರೊವೇವ್ ಒಲೆಯ ಬಾಗಿಲನ್ನು ಅವಸರದಲ್ಲಿ ತೆರೆದಾಗ ಬರುತ್ತಿದ್ದವೆಂದು 2015ರಲ್ಲಿ ಗೊತ್ತಾಯಿತು. ಅದೇ ಪಾರ್ಕ್ಸ್ 2019ರಲ್ಲಿ ನಮ್ಮ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾದ ದಿಕ್ಕಿನಿಂದ ಹಿಡಿದ ಸಂಕೇತವೂ ಮನುಷ್ಯರ ಯಂತ್ರಗಳದ್ದೆಂದು 2021ರಲ್ಲಿ ತೀರ್ಮಾನವಾಯಿತು.

ಈ ಗದ್ದಲದಿಂದ ತಪ್ಪಿಸಿಕೊಳ್ಳಲೆಂದೇ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಪುಣೆಯಾಚೆ ನಾರಾಯಣಗಾಂವ್ ಸಮೀಪದ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಕಟ್ಟಿದರು: ತಲಾ 45 ಮೀಟರಿನ 30 ತಟ್ಟೆಗಳು, ಸುಮಾರು 25 ಕಿಲೋಮೀಟರ್ ಹರವು. ಅದರ ಕಿವಿ ಎಷ್ಟು ಚುರುಕೆಂದರೆ, 2016ರ ಅಕ್ಟೋಬರಿನಲ್ಲಿ ಮಂಗಳನತ್ತ ಇಳಿಯುತ್ತಿದ್ದ ಯುರೋಪಿನ ಶಿಯಾಪರೆಲ್ಲಿ ನೌಕೆಯ ಕೆಲವೇ ವಾಟ್ ಶಕ್ತಿಯ ದನಿಯನ್ನು ಅದು ನೇರವಾಗಿ ಕೇಳಿಸಿಕೊಂಡಿತು. ನೌಕೆಗೆ ಇಟ್ಟ ಹೆಸರು, ಮಂಗಳನ ಮೇಲೆ ಗೆರೆಗಳನ್ನು ಬಿಡಿಸಿ ಲೊವೆಲ್‌ಗೆ ಕಾಲುವೆಯ ಹುಚ್ಚು ಹಿಡಿಸಿದ ಇಟಲಿಯ ಖಗೋಳ ವಿಜ್ಞಾನಿಯದು.

ಓದಲಾಗದ ಗುರುತುಗಳು

ಸಂಕೇತ ಬಂತೆಂದೇ ಇಟ್ಟುಕೊಳ್ಳೋಣ. ಓದುವುದು ಹೇಗೆ? ನಾಗಪುರ–ಕಾಟೋಲ್ ರಸ್ತೆಯ ಜುನಾಪಾನಿಯಲ್ಲಿ ಸುಮಾರು ಮುನ್ನೂರು ಶಿಲಾವೃತ್ತಗಳಿವೆ, ಬೃಹತ್ ಶಿಲಾಯುಗದ ಸಮಾಧಿಗಳು. ವೃತ್ತದ ಕೆಲವು ಕಲ್ಲುಗಳ ಮೇಲೆ ಬಟ್ಟಲಿನಾಕಾರದ ಸಣ್ಣ ಕುಳಿಗಳನ್ನು ಸಾಲಾಗಿ ಕೊರೆದಿದ್ದಾರೆ. 1879ರಲ್ಲಿ ರಿವೆಟ್-ಕಾರ್ನಾಕ್ ಇವನ್ನು ಬರೆದಿಟ್ಟ ಮೇಲೆ ಅರ್ಥ ಹುಡುಕುವ ಯತ್ನ ನಡೆದೇ ಇದೆ. ಖಗೋಳಕ್ಕೆ ನಂಟಿದೆಯೇ ಎಂದು ಟಿಐಎಫ್‌ಆರ್‌ನ ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ನೋಡಿದ್ದಾರೆ. ನಮ್ಮ ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಕಲ್ಮನೆಗಳನ್ನು ಮೋರೇರು ಎಂಬ ಕುಳ್ಳ ಜನ ಕಟ್ಟಿದರೆಂದು ಊರವರು ಹೇಳುತ್ತಾರೆ. ಜುನಾಪಾನಿಯ ಗುರುತುಗಳನ್ನು ಮಾಡಿದವರು ನಮ್ಮಂಥದೇ ಮಿದುಳು, ನಮ್ಮಂಥದೇ ಕೈಯಿದ್ದ ಮನುಷ್ಯರು, ನಮಗೂ ಅವರಿಗೂ ಮೂರು ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರವಿಲ್ಲ. ಆದರೂ ಬುದ್ಧಿಯ ಕೆಲಸ ಎಂದು ಗುರುತಿಸುತ್ತೇವೆ, ಅರ್ಥ ಹೇಳಲಾರೆವು. ಗಣಿತ ಎಲ್ಲರಿಗೂ ಒಂದೇ ಎಂಬ ನಂಬಿಕೆಯ ಮೇಲೆ ಸಂದೇಶ ಕಟ್ಟುವವರು ಒಮ್ಮೆ ಜುನಾಪಾನಿಗೆ ಹೋಗಿಬರಬೇಕು.

ನಾವು ಕಳಿಸಿದ ಸಂದೇಶಗಳೂ ಹೀಗೆಯೇ ಓದುಗರನ್ನು ಕಾಣದೆ ಬರೆದವು. ‘ವಾವ್’ ಸಂಕೇತ ಬಂದ ಐದೇ ದಿನಕ್ಕೆ, 1977ರ ಆಗಸ್ಟ್ 20ರಂದು, ವಾಯೇಜರ್ 2 ಹೊರಟಿತು. ಅದರ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡಿಗರ ಪರವಾಗಿ ಕನ್ನಡದಲ್ಲಿ ಒಂದು, ಮರಾಠಿಯಲ್ಲೂ ಒಂದು. ಗಾಯಕಿ ಕೇಸರಬಾಯಿ ಕೇರ್ಕರರ ಭೈರವಿಯೂ ಉಂಟು. ಇದನ್ನು ಹೇಳುವಾಗ ಹೆಮ್ಮೆ ಆಗುವುದು ಸಹಜ, ಆದರೆ ಆ ತಟ್ಟೆಯ ನಿಜವಾದ ಶ್ರೋತೃ ಭೂಮಿಯ ಮೇಲಿನ ನಾವೇ ಎಂಬುದು ಅದನ್ನು ಮಾಡಿದವರಿಗೂ ಗೊತ್ತಿತ್ತು.

ತೀರ್ಮಾನವಾಗದೆ ಉಳಿದವು

ಜೀವದ ಹುಟ್ಟು ಸುಲಭವೇ ಎಂಬುದು ಮೊದಲನೆಯದು. ನಮ್ಮದೇ ಸೌರವ್ಯೂಹದಲ್ಲಿ ಭೂಮಿಯ ನಂಟಿಲ್ಲದ ಎರಡನೆಯ ಜೀವ ಸಿಕ್ಕರೆ ಈ ಪ್ರಶ್ನೆ ಒಂದೇ ಏಟಿಗೆ ಮುಗಿಯುತ್ತದೆ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವಿನ ಬಳಿ ತಲುಪುತ್ತದೆ. ಅದು ನೋಡುವುದು ಜೀವವನ್ನಲ್ಲ, ಅಲ್ಲಿನ ಹಿಮದಡಿಯ ಸಾಗರ ಜೀವಕ್ಕೆ ಯೋಗ್ಯವೇ ಎಂಬುದನ್ನು ಮಾತ್ರ.

ಬುದ್ಧಿಯ ವಿಷಯದಲ್ಲಿ ಗೌಲ್ಡ್ ಸರಿಯೋ ಕಾನ್‌ವೇ ಮಾರಿಸ್ ಸರಿಯೋ ಎಂದು ಒಂದೇ ಗ್ರಹದ ಬಂಡೆ ನೋಡಿ ಹೇಳಲಾಗದು. ನಾಗರಿಕತೆಯ ಆಯುಷ್ಯವಂತೂ ಇನ್ನೂ ಕತ್ತಲೆ. ನಮ್ಮ ರೇಡಿಯೊಗೆ ವಯಸ್ಸು ನೂರಮೂವತ್ತು ವರ್ಷದ ಆಸುಪಾಸು. ಯಾವುದನ್ನು ಪುರಾವೆ ಎನ್ನಬೇಕು ಎಂಬುದೂ ಒಪ್ಪಿತವಾಗಿಲ್ಲ. ನಾಸಾದ ಕೆಲವು ವಿಜ್ಞಾನಿಗಳು 2021ರಲ್ಲಿ ಏಳು ಮೆಟ್ಟಿಲಿನ ಮಾಪಕವೊಂದನ್ನು ಸೂಚಿಸಿದರು, ಅದು ಇನ್ನೂ ಸಲಹೆಯಾಗಿಯೇ ಇದೆ. ಸಂಕೇತ ಬಂದರೆ ಉತ್ತರಿಸುವವರು ಯಾರು ಎಂಬುದಕ್ಕೆ 1989ರಲ್ಲಿ ಅಂತರರಾಷ್ಟ್ರೀಯ ಖಗೋಳಯಾನ ಅಕಾಡೆಮಿಯ ಘೋಷಣೆ ಇದೆ: ಎಲ್ಲರನ್ನೂ ಕೇಳದೆ ಉತ್ತರಿಸಬೇಡಿ. ಅದು ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. 1974ರಲ್ಲಿ ಅರೆಸಿಬೋ ರೇಡಿಯೊ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛಕ್ಕೆ ಸಂದೇಶ ಕಳಿಸಿದಾಗ ಯಾರೂ ಯಾರನ್ನೂ ಕೇಳಿರಲಿಲ್ಲ.

ನನ್ನ ತೀರ್ಪು ಕೇಳಿದರೆ, ಸೂಕ್ಷ್ಮಜೀವಿಗಳ ಮೇಲೆ ಆಸೆ ಇಡಬಹುದು, ಮಾತಾಡುವವರ ಮೇಲೆ ಪಣ ಕಟ್ಟಲಾರೆ. ಆದರೂ ಹುಡುಕಬೇಕು, ಏಕೆಂದರೆ ಇದಕ್ಕಾಗಿ ಹೊಸ ದೂರದರ್ಶಕವೇ ಬೇಕಿಲ್ಲ. ಜಿಎಂಆರ್‌ಟಿ ಬೇರೆ ಕೆಲಸಗಳಿಗಾಗಿ ಮಾಡಿದ ವೀಕ್ಷಣೆಗಳ ದತ್ತಾಂಶ ಅದರ ಆನ್‌ಲೈನ್ ಸಂಗ್ರಹದಲ್ಲಿದೆ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಬಲ್ಲ ವಿದ್ಯಾರ್ಥಿಗಳು ನಾಗಪುರದಲ್ಲೂ ಇದ್ದಾರೆ, ಕಲಬುರಗಿಯಲ್ಲೂ ಇದ್ದಾರೆ. ಭೌತಶಾಸ್ತ್ರ ಕಲಿಸುವ ಮೇಷ್ಟ್ರುಗಳು ಅಂಥ ಮಕ್ಕಳನ್ನು ಆ ಸಂಗ್ರಹದತ್ತ ಒಮ್ಮೆ ಕಳಿಸಿ ನೋಡಬೇಕು.